ಹಳೇ ಫೈಬರ್ ನಾಡದೋಣಿ ಕೊಳ್ಳುತ್ತಿದ್ದೇನೆ: ‘ರಿಜಿಸ್ಟ್ರೇಶನ್ ಫೀ’ ಅಂದರೆ ನಿಜಕ್ಕೂ ಯಾವ್ಯಾವ ಹಣ?

ಶರಾವತಿ_ದಂಡೆ

28 ಅಡಿಯ ಫೈಬರ್ ನಾಡದೋಣಿ ಒಂದರ ಮಾತುಕತೆ ನಡೆದಿದೆ. ದೋಣಿ ಈಗ ಗಂಗೊಳ್ಳಿಯಲ್ಲಿದೆ, ಉಡುಪಿ ಜಿಲ್ಲೆಯ ನಂಬರು. ನಮ್ಮದು ಹೊನ್ನಾವರದ ಕಡೆ. ಹಳೇ ಎಂಜಿನ್ ಬರುವುದಿಲ್ಲ, ಹೊಸದಾಗಿ 9.9 ಎಚ್‌ಪಿ ಔಟ್‌ಬೋರ್ಡ್ (ದೋಣಿಯ ಹಿಂದೆ ತೂಗುಹಾಕುವ ಎಂಜಿನ್) ಹಾಕಬೇಕು.

ಕಾಗದಪತ್ರಕ್ಕೆ ಎಷ್ಟಾಗುತ್ತದೆ ಅಂತ ಕೇಳಿದರೆ ಒಬ್ಬ ಏಜೆಂಟರು ಒಟ್ಟು 9,000 ಅಂದರು, ಇನ್ನೊಬ್ಬರು 14,000. ಬಿಡಿಸಿ ಹೇಳಿ ಅಂದರೆ ‘ರಿಜಿಸ್ಟ್ರೇಶನ್ನು, ಲೈಸೆನ್ಸು, ಇನ್ಶೂರೆನ್ಸು, ಬಂದರಿನದ್ದು, ಟ್ಯಾಕ್ಸು’ ಅಂತ ಒಂದೇ ಉಸಿರಲ್ಲಿ ಹೇಳಿ ಮುಗಿಸುತ್ತಾರೆ. ಇದರಲ್ಲಿ ಸರ್ಕಾರಕ್ಕೆ ಹೋಗುವುದು ಯಾವುದು? ಒಂದೇ ಸಲ ಕಟ್ಟುವುದು ಯಾವುದು, ಪದೇ ಪದೇ ಕಟ್ಟುವುದು ಯಾವುದು? ಹಳೇ ಮಾಲೀಕರ ಬಾಕಿ ಇದ್ದರೆ ನನ್ನ ತಲೆಗೆ ಬರುತ್ತದೆಯೇ? ಇನ್ನೊಂದು, ರಜಾ ದಿನಗಳಲ್ಲಿ ಹಿನ್ನೀರಿಗೆ ಪ್ರವಾಸಿಗರನ್ನು ಇದೇ ಕಾಗದದ ಮೇಲೆ ಕರೆದುಕೊಂಡು ಹೋಗಬಹುದೇ? ಗೊತ್ತಿದ್ದವರು ದಯವಿಟ್ಟು ಹೇಳಿ.

ಧಕ್ಕೆ_ಲೆಕ್ಕ

‘ಎಷ್ಟಾಗುತ್ತದೆ’ ಅನ್ನುವ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡಿ. ‘ಯಾರ ಖಾತೆಗೆ ಹೋಗುತ್ತದೆ’ ಅಂತ ಕೇಳಿ. ಐದು ಬೇರೆ ಬೇರೆ ಕಡೆಯ ಹಣವನ್ನು ಒಂದೇ ಚೀಲಕ್ಕೆ ತುಂಬಿ ‘ರಿಜಿಸ್ಟ್ರೇಶನ್ ಫೀ’ ಅಂತ ಹೆಸರಿಟ್ಟಿರುವುದರಿಂದಲೇ ನಿಮಗೆ 9,000 ಒಂದು ಕಡೆ, 14,000 ಇನ್ನೊಂದು ಕಡೆ ಕಾಣಿಸುತ್ತಿದೆ.

ಮೀನುಗಾರಿಕೆ ದೋಣಿಗೆ ಸಂಬಂಧಿಸಿದ ಸರ್ಕಾರಿ ಶುಲ್ಕ ಹೋಗುವುದು ಮೀನುಗಾರಿಕೆ ಇಲಾಖೆಯ ಲೆಕ್ಕಕ್ಕೆ. ಅದರಲ್ಲಿ ನಿಮಗೆ ಬೇಕಾದವು ಎರಡು, ಮತ್ತು ಇವೆರಡನ್ನೂ ಜನ ಸದಾ ಕಲಸಿಬಿಡುತ್ತಾರೆ. ನೋಂದಣಿ ಅಂದರೆ ಈ ದೋಣಿ ಇಂಥವರದು, ಇಷ್ಟು ಉದ್ದದ್ದು, ಇಂಥ ನಂಬರಿನದು ಅಂತ ದಾಖಲಿಸುವುದು. ಮಾಲೀಕರು ಬದಲಾದರೆ ಅಥವಾ ಎಂಜಿನ್ ಬದಲಾದರೆ ಆ ದಾಖಲೆಯನ್ನು ತಿದ್ದಿಸಬೇಕು, ತಿದ್ದುಪಡಿಯ ಶುಲ್ಕ ಬೇರೆ. ಲೈಸೆನ್ಸ್ ಅಂದರೆ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಡಿ ಮೀನು ಹಿಡಿಯಲು ಕೊಡುವ ಅನುಮತಿ. ಅದಕ್ಕೆ ಅವಧಿ ಇದೆ, ಮುಗಿದಾಗ ನವೀಕರಿಸಬೇಕು. ದಿನಾಂಕ ಲೈಸೆನ್ಸಿನ ಮೇಲೆಯೇ ಅಚ್ಚಾಗಿರುತ್ತದೆ. ನೋಂದಣಿ ಸರಿಯಿದ್ದು ಲೈಸೆನ್ಸ್ ಸತ್ತ ದೋಣಿಗಳು ಧಕ್ಕೆಯಲ್ಲಿ (ದೋಣಿ ನಿಲ್ಲುವ ಕಟ್ಟೆಯಲ್ಲಿ) ಬೇಕಾದಷ್ಟು ಸಿಗುತ್ತವೆ. ‘ರಿಜಿಸ್ಟ್ರೇಶನ್ ಉಂಟು ಮಾರಾಯ್ರೆ’ ಅಂತ ಮಾರುವವರು ಹೇಳಿದಾಗ ಅವರು ಸುಳ್ಳು ಹೇಳುತ್ತಿರುವುದಿಲ್ಲ. ಅರ್ಧ ಮಾತ್ರ ಹೇಳುತ್ತಿರುತ್ತಾರೆ.

ಈ ಹಣ ನಗದಾಗಿ ಯಾರ ಕೈಗೂ ಕೊಡುವಂಥದ್ದಲ್ಲ. ರಾಜ್ಯ ಸರ್ಕಾರದ ಆನ್‌ಲೈನ್ ಖಜಾನೆಯಾದ ಖಜಾನೆ-2ರಲ್ಲಿ ಚಲನ್ ತೆಗೆಯಬೇಕು. ಇಲಾಖೆ, ಕಚೇರಿಯ ಡಿಡಿಒ (ಆ ಕಚೇರಿಯ ಹಣದ ಲೆಕ್ಕದ ಅಧಿಕಾರಿ), ಉದ್ದೇಶ ಆರಿಸಿದರೆ ಚಲನ್ ಉಲ್ಲೇಖ ಸಂಖ್ಯೆ ಬರುತ್ತದೆ. ಆಮೇಲೆ ನೆಟ್ ಬ್ಯಾಂಕಿಂಗಿನಲ್ಲೋ ಬ್ಯಾಂಕ್ ಕೌಂಟರಿನಲ್ಲೋ ಕಟ್ಟಬಹುದು. ಚಲನ್ ಕೈಗೆ ಬಂದ ತಕ್ಷಣ ಅದರ ಲೆಕ್ಕ ಶೀರ್ಷಿಕೆಯ (ಹಣ ಯಾವ ಇಲಾಖೆಯ ಲೆಕ್ಕಕ್ಕೆ ಅಂತ ಹೇಳುವ ಸಂಖ್ಯೆ) ಸಾಲಿಗೆ ಬೆರಳಿಟ್ಟು ಓದಿ. 0405 ಅಂತ ಶುರುವಾದರೆ ಅದು ಮೀನುಗಾರಿಕೆ. ಲೈಸೆನ್ಸ್ ಶುಲ್ಕ, ದಂಡ ಇತ್ಯಾದಿಗಳ ಉಪಶೀರ್ಷಿಕೆ 0405-00-102. ಬಂದರು ಮತ್ತು ದೀಪಸ್ತಂಭದ ಶೀರ್ಷಿಕೆ 1051, ಒಳನಾಡು ಜಲಸಾರಿಗೆಯದು 1056. ಮೀನುಗಾರಿಕೆ ಲೈಸೆನ್ಸಿಗೆ ಅಂತ ಹಣ ಕೊಟ್ಟು 1051ರ ಚಲನ್ ಕೈಗೆ ಬಂದರೆ ಅದು ತಪ್ಪು ಬಾಗಿಲಿಗೆ ಹೋದ ಹಣ. ಖಜಾನೆಗೆ ಒಮ್ಮೆ ಹೋದದ್ದನ್ನು ಹಿಂದೆ ಪಡೆಯುವುದಕ್ಕೆ ಕಟ್ಟಿದ್ದಕ್ಕಿಂತ ಹೆಚ್ಚು ಓಡಾಟ ಬೇಕು, ಹಾಗಾಗಿ ಕಟ್ಟುವ ಮೊದಲೇ ನೋಡಿ. ಚಲನ್‌ಗೆ ಕೊನೆಯ ದಿನಾಂಕವೂ ಇರುತ್ತದೆ. ಅದು ದಾಟಿದರೆ ಹಣ ಕಟ್ಟಬೇಡಿ, ಹೊಸದು ತೆಗೆಯಿರಿ.

ಬಂದರು ಕಡೆಯದು ನೋಂದಣಿಯೇ ಅಲ್ಲ, ಜಾಗ ಬಳಸುವ ಶುಲ್ಕ. ಕರ್ನಾಟಕ ಜಲಸಾರಿಗೆ ಮಂಡಳಿಯ ಬಂದರಿನಲ್ಲಿ ಕಟ್ಟಿದರೆ ಅವರ ರಸೀದಿ. ಅಳಿವೆಯ (ಹೊಳೆ ಸಮುದ್ರ ಸೇರುವ ಬಾಯಿ) ಒಳಗೆ ನಿಮ್ಮ ಮನೆ ಹಿಂದಿನ ದಂಡೆಯಲ್ಲಿ ದೋಣಿ ಎಳೆದಿಡುವವರಾದರೆ ‘ಬಂದರಿನದ್ದು’ ಏಕೆ ಅಂತ ಕೇಳಲೇಬೇಕು.

ಇನ್ಶೂರೆನ್ಸಿನಲ್ಲಿ ಎರಡು ಜಾತಿ. ದೋಣಿಗೆ ಮಾಡಿಸುವ ವಿಮೆ ಕಂಪನಿಗೆ ಹೋಗುವ ಪ್ರೀಮಿಯಂ, ಸರ್ಕಾರದ ಶುಲ್ಕವಲ್ಲ. ಮೀನುಗಾರರ ಗುಂಪು ಅಪಘಾತ ವಿಮೆ ಕೇಂದ್ರದ ಮತ್ಸ್ಯ ಸಂಪದ ಯೋಜನೆಯಡಿ ಬರುವುದು. ಸಾವು ಅಥವಾ ಪೂರ್ಣ ಶಾಶ್ವತ ಅಂಗವಿಕಲತೆಗೆ 5 ಲಕ್ಷ, ಭಾಗಶಃ ಶಾಶ್ವತ ಅಂಗವಿಕಲತೆಗೆ 2.5 ಲಕ್ಷ, ಆಸ್ಪತ್ರೆ ಖರ್ಚಿಗೆ 25,000. ಅದರ ಪ್ರೀಮಿಯಂ ಪೂರ್ತಿ ಕೇಂದ್ರ, ರಾಜ್ಯ ಸರ್ಕಾರಗಳೇ ಕಟ್ಟುತ್ತವೆ. ಇದರ ಹೆಸರಲ್ಲಿ ಯಾರಾದರೂ ನಿಮ್ಮಿಂದ ಹಣ ಕೇಳಿದರೆ ಕೊಡಬೇಡಿ.

‘ಟ್ಯಾಕ್ಸು’ ಅನ್ನುವುದಂತೂ ಗಾಳಿಮಾತು. ದೋಣಿ ಆರ್‌ಟಿಒ ವ್ಯಾಪ್ತಿಗೆ ಬರುವುದಿಲ್ಲ, ಬೈಕಿನ ಹಾಗೆ ಜೀವಿತಾವಧಿ ತೆರಿಗೆ ಇಲ್ಲ. ಜಿಎಸ್‌ಟಿ ಇದ್ದರೆ ಅದು ಹೊಸ ಎಂಜಿನ್ನಿನ ಅಥವಾ ಹೊಸ ದೋಣಿಯ ಬಿಲ್ಲಿನ ಒಳಗೇ ಇರುತ್ತದೆ. ನೋಂದಣಿ ಹೊತ್ತಿನಲ್ಲಿ ಮತ್ತೆ ಕಟ್ಟುವುದಲ್ಲ.

ಉಳಿದದ್ದು ಪ್ರಮಾಣಪತ್ರದ ಸ್ಟಾಂಪು (ಅಫಿಡವಿಟ್‌ಗೆ ಈಗ 100 ರೂಪಾಯಿ), ನೋಟರಿ, ಝೆರಾಕ್ಸ್, ಸೈಬರ್ ಸೆಂಟರಿನವರ ಕೂಲಿ, ಏಜೆಂಟರ ಕೂಲಿ. ಕೂಲಿ ಕೇಳುವುದು ತಪ್ಪಲ್ಲ, ಅವರ ದಿನ ಹೋಗುತ್ತದೆ. ಅದನ್ನು ಕೂಲಿ ಅಂತಲೇ ಬರೆದು ಕೊಡಲಿ. ಚಲನ್ ನಿಮ್ಮ ಹೆಸರಲ್ಲಿ ತೆಗೆಸಿ, ಹಣ ನಿಮ್ಮ ಖಾತೆಯಿಂದಲೇ ಕಟ್ಟಿ.

ಅಳತೆಪಟ್ಟಿ

ಮೇಲಿನವರು ಹೇಳಿದ್ದು ಸರಿ. ಆದರೆ ಶುಲ್ಕ ತಪ್ಪಾಗುವುದಕ್ಕೆ ಇನ್ನೊಂದು ದೊಡ್ಡ ಕಾರಣ ಅಳತೆ. ಶುಲ್ಕ ನಿಂತಿರುವುದು ದೋಣಿಯ ವರ್ಗ ಮತ್ತು ಗಾತ್ರದ ಮೇಲೆ. ಅರ್ಜಿಯಲ್ಲಿ ಅವೆರಡು ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ.

ನಮ್ಮಲ್ಲಿ ದೋಣಿ ಕಟ್ಟುವವರು ಅಡಿ ಲೆಕ್ಕದವರು. ಮೀನುಗಾರಿಕೆ ದೋಣಿಯ ನೋಂದಣಿ, ಲೈಸೆನ್ಸಿಗೆ ಅರ್ಜಿ ಹಾಕುವ ರಿಯಲ್‌ಕ್ರಾಫ್ಟ್ ಪೋರ್ಟಲ್‌ನಲ್ಲಿ ಮೀಟರ್. ಉದ್ದದ ಚೌಕದಲ್ಲಿ ‘28’ ಅಂತ ಹೊಡೆದರೆ ನಿಮ್ಮ ನಾಡದೋಣಿ ದೊಡ್ಡ ಟ್ರಾಲ್ ಬೋಟಿಗಿಂತ ಉದ್ದವಾಗಿಬಿಡುತ್ತದೆ! ಅಡಿಯನ್ನು 0.3048ರಿಂದ ಗುಣಿಸಿ. 28 ಅಡಿ ಅಂದರೆ 8.53 ಮೀಟರ್. ಅಗಲ 6 ಅಡಿ ಇದ್ದರೆ 1.83, ಆಳ ಎರಡೂವರೆ ಅಡಿ ಇದ್ದರೆ 0.76. ಇವನ್ನು ಒಂದು ಚೀಟಿಯಲ್ಲಿ ಬರೆದುಕೊಂಡೇ ಸೈಬರ್ ಸೆಂಟರಿಗೆ ಹೋಗಿ, ಅಲ್ಲಿ ಲೆಕ್ಕ ಹಾಕಲು ಕೂರಬೇಡಿ.

ಅಳೆಯುವಾಗ ದೋಣಿಯನ್ನು ಮಟ್ಟಸವಾದ ಮರಳಿನ ಮೇಲಿಟ್ಟು, ಮುಂಭಾಗದ ತುದಿಯಿಂದ ಒಂದು ತೂಗುಗುಂಡು, ಹಿಂಭಾಗದ ಹಲಗೆಯಿಂದ ಒಂದು ತೂಗುಗುಂಡು ಬಿಟ್ಟು ನೆಲದ ಮೇಲೆ ಆ ಎರಡು ಗುರುತಿನ ನಡುವೆ ಅಳೆಯಿರಿ. ಅಂಚಿನ ಬಾಗಿನ ಮೇಲೆ ಟೇಪು ಎಳೆದರೆ ಅರ್ಧ ಮುಕ್ಕಾಲು ಅಡಿ ಹೆಚ್ಚು ಬರುತ್ತದೆ. ಹಿಂದೆ ಎಂಜಿನ್ ಕಟ್ಟಲು ಚಾಚಿಕೊಂಡ ಬ್ರಾಕೆಟ್ ಇದ್ದರೆ ಅದನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ, ದೋಣಿಯ ಮೈಗೆ ಸೇರಿಸಬೇಡಿ. ಪರಿಶೀಲನೆಗೆ ಬಂದವರ ಅಳತೆಯೂ ನಿಮ್ಮ ಅರ್ಜಿಯದೂ ಹೊಂದದಿದ್ದರೆ ಅರ್ಜಿ ಹಿಂದಕ್ಕೆ ಬರುತ್ತದೆ.

ಇನ್ನು ವರ್ಗ. ಒಳಗೆ ಎಂಜಿನ್ ಕೂರಿಸಿ ಶಾಫ್ಟ್ ಬಿಟ್ಟದ್ದು ಯಾಂತ್ರೀಕೃತ, ನಂಬರಿನಲ್ಲಿ ‘ಎಂಎಂ’ ಬರುತ್ತದೆ. ಹಿಂದೆ ಔಟ್‌ಬೋರ್ಡ್ ತೂಗುಹಾಕಿದ್ದು ಮೋಟಾರೀಕೃತ, ಅದಕ್ಕೆ ‘ಎಂಒ’. ನಿಮ್ಮದು ಎರಡನೆಯದು. ‘ಎಂಜಿನ್ ಉಂಟಲ್ಲ’ ಅಂತ ಯಾಂತ್ರೀಕೃತ ಆರಿಸಿದರೆ ಬೇರೆಯೇ ಸಾಲಿನ ಶುಲ್ಕಕ್ಕೂ ಸಾಧ್ಯತಾ ಪತ್ರದಂಥ (ದೋಣಿ ಕಟ್ಟುವ ಮೊದಲು ಇಲಾಖೆ ಕೊಡುವ ಒಪ್ಪಿಗೆ) ಬೇಡದ ಪ್ರಶ್ನೆಗಳಿಗೂ ಸಿಕ್ಕಿಕೊಳ್ಳುತ್ತೀರಿ.

ಎಂಜಿನ್ ಶಕ್ತಿ ಕೂಡ ಹಾಗೆಯೇ. ಕೆಲವು ಬಿಲ್ಲುಗಳಲ್ಲಿ ಕಿಲೋವ್ಯಾಟ್ ಇರುತ್ತದೆ. 9.9 ಎಚ್‌ಪಿ ಅಂದರೆ ಸುಮಾರು 7.4 ಕಿಲೋವ್ಯಾಟ್, 15 ಅಂದರೆ 11.2, 25 ಅಂದರೆ 18.6. ಈ ಅಂಕಿಗೆ ಶುಲ್ಕಕ್ಕಿಂತ ದೊಡ್ಡ ಬೆಲೆ ಇದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧ ನಮ್ಮಲ್ಲಿ ಯಾಂತ್ರೀಕೃತ ದೋಣಿಗೂ 10 ಎಚ್‌ಪಿ ಮೀರಿದ ಮೋಟಾರು ದೋಣಿಗೂ ಅನ್ವಯ. 9.9 ಇದ್ದವರು ಮಳೆಗಾಲದ ನಾಡದೋಣಿ ಮೀನುಗಾರಿಕೆ ಮಾಡಬಹುದು. ದಾಖಲೆಯಲ್ಲಿ ಹಳೇ ಮಾಲೀಕರ 15 ಎಚ್‌ಪಿ ಎಂಜಿನ್ನೇ ಉಳಿದು, ನೀರಿನಲ್ಲಿ ನಿಮ್ಮ 9.9 ಓಡುತ್ತಿದ್ದರೆ ತಪಾಸಣೆಗೆ ಬಂದವರು ನೋಡುವುದು ದಾಖಲೆಯನ್ನು.

ಹೊಸ ಎಂಜಿನ್ ಪೆಟ್ಟಿಗೆ ಬಿಚ್ಚಿದ ದಿನವೇ, ಹಲಗೆಗೆ ಕಚ್ಚಿಸುವ ಕ್ಲ್ಯಾಂಪ್ ಬ್ರಾಕೆಟ್ಟಿನ ಮೇಲಿರುವ ಚಿಕ್ಕ ಪಟ್ಟಿಯ ಫೋಟೊ ತೆಗೆಯಿರಿ. ಮಾಡೆಲ್, ಸೀರಿಯಲ್ ನಂಬರು ಅಲ್ಲೇ ಇರುತ್ತವೆ. ಒಂದೆರಡು ಮಳೆಗಾಲ ಉಪ್ಪುನೀರು ಕುಡಿದ ಮೇಲೆ ಆ ಪಟ್ಟಿಯಲ್ಲಿ 3 ಯಾವುದು 8 ಯಾವುದು ತಿಳಿಯುವುದಿಲ್ಲ. ಬಿಲ್ಲಿನ ನಂಬರೂ ಪಟ್ಟಿಯ ನಂಬರೂ ಒಂದೇ ಇದೆಯೇ ಅಂತ ಅಂಗಡಿಯಲ್ಲೇ ತಾಳೆ ನೋಡಿ. ಸೀಮೆಎಣ್ಣೆ ಪರ್ಮಿಟ್ ಬೇಕಾದರೆ ಅದು ಸೀಮೆಎಣ್ಣೆ ಎಂಜಿನ್ ಅಂತ ಬಿಲ್ಲಿನಲ್ಲಿ ಬರೆದಿರಲಿ, ಪೆಟ್ರೋಲ್ ಮಾಡೆಲ್ಲಿನ ಬಿಲ್ಲು ಹಿಡಿದು ಪರ್ಮಿಟ್ ಕೇಳಲಾಗುವುದಿಲ್ಲ.

ಕೋಡಿ_ಕನ್ಯಾನ

ಹಳೇ ಬಾಕಿಯ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ.

ಕಾನೂನಿನ ವಾದ ಏನೇ ಇರಲಿ, ವ್ಯವಹಾರದಲ್ಲಿ ಬಾಕಿ ದೋಣಿಯ ಬೆನ್ನಿಗೇ ಬರುತ್ತದೆ. ಹಳೇ ಲೈಸೆನ್ಸ್ ನವೀಕರಣ ಬಾಕಿ ಇದ್ದರೆ ಹೆಸರು ಬದಲಾವಣೆಯ ಅರ್ಜಿ ಅಲ್ಲೇ ನಿಲ್ಲುತ್ತದೆ, ಕೊನೆಗೆ ಅವಸರ ಇರುವ ನೀವೇ ಕಟ್ಟುತ್ತೀರಿ. ಆದ್ದರಿಂದ ಮುಂಗಡ ಕೊಡುವ ಮೊದಲು ಮಾರುವವರ ಜೊತೆ ಅವರ ತಾಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಹೋಗಿ, ನೋಂದಣಿ ಸಂಖ್ಯೆ ಕೊಟ್ಟು ಮೂರು ವಿಷಯ ಕೇಳಿ: ಲೈಸೆನ್ಸ್ ಯಾವ ದಿನದವರೆಗೆ ಇದೆ, ಬಾಕಿ ಅಥವಾ ದಂಡ ಇದೆಯೇ, ದೋಣಿಯ ಮೇಲೆ ಬ್ಯಾಂಕಿನ ಅಥವಾ ಸಹಕಾರ ಸಂಘದ ಸಾಲ ದಾಖಲಾಗಿದೆಯೇ. ಸಾಲ ಇದ್ದರೆ ತೀರಿದ ಪತ್ರ ಇಲ್ಲದೆ ಹಣ ಕೊಡಬೇಡಿ. ಬಾಕಿ ಇದ್ದರೆ ಅಷ್ಟನ್ನು ಬೆಲೆಯಲ್ಲಿ ಮುರಿದುಕೊಳ್ಳಿ, ಅಥವಾ ಅವರೇ ಕಟ್ಟಿದ ಚಲನ್ ಕೈಗೆ ಬಂದ ಮೇಲೆ ಉಳಿದ ಹಣ ಕೊಡಿ.

ನಿಮ್ಮದು ಜಿಲ್ಲೆ ದಾಟುವ ದೋಣಿ, ಅದನ್ನು ಮರೆಯಬೇಡಿ. ನಂಬರಿನ ರಚನೆ ನೋಡಿ: ಐಎನ್‌ಡಿ, ಆಮೇಲೆ ಕೆಎ, ಆಮೇಲೆ ಜಿಲ್ಲೆ. ದಕ್ಷಿಣ ಕನ್ನಡ 01, ಉಡುಪಿ 02, ಉತ್ತರ ಕನ್ನಡ 03. ಗಂಗೊಳ್ಳಿಯ ದೋಣಿಗೆ 02 ಇದೆ. ಹೊನ್ನಾವರದಲ್ಲಿ ಇಟ್ಟುಕೊಂಡು ದುಡಿಯಬೇಕಾದರೆ ಉಡುಪಿ ಕಡೆಯಿಂದ ನಿರಾಕ್ಷೇಪಣಾ ಪತ್ರ ಮೊದಲು, ನಿಮ್ಮ ಕಡೆ ಅರ್ಜಿ ಆಮೇಲೆ. ಈ ಅನುಕ್ರಮ ತಪ್ಪಿಸಿ ಮೊದಲೇ ಹೊನ್ನಾವರದಲ್ಲಿ ಹೊಸ ದೋಣಿ ಅಂತ ಅರ್ಜಿ ಹಾಕಿದರೆ ಒಂದೇ ದೋಣಿಗೆ ಎರಡು ದಾಖಲೆ ಆಗುತ್ತದೆ. ಅದನ್ನು ಬಿಡಿಸುವಷ್ಟರಲ್ಲಿ ಒಂದು ಋತು ಕಳೆದಿರುತ್ತದೆ. ಏಜೆಂಟರಲ್ಲಿ ಒಬ್ಬರು ‘ಹೊಸ ನೋಂದಣಿಯೇ ಮಾಡಿಸುವ, ಬೇಗ ಆಗುತ್ತದೆ’ ಅಂದರೆ ಖಂಡಿತ ಒಪ್ಪಬೇಡಿ.

ದಾಖಲೆಯಲ್ಲಿರುವ ಮಾಲೀಕರು ತೀರಿಹೋಗಿ ಮಕ್ಕಳು ಮಾರುತ್ತಿದ್ದರೆ ವಂಶವೃಕ್ಷ ಮತ್ತು ಎಲ್ಲ ವಾರಸುದಾರರ ಸಹಿ ಬೇಕು. ಮುಂಬೈಯಲ್ಲಿರುವ ಒಬ್ಬ ಅಣ್ಣನ ಸಹಿಗೆ ತಿಂಗಳುಗಟ್ಟಲೆ ಕಾಯುವ ಪಾಡು ಬರುವುದು ಇಲ್ಲೇ.

ಹೊಸ ನಂಬರು ಆದೇಶದಲ್ಲಿ ಬರುವವರೆಗೆ ಬಣ್ಣ ಹಚ್ಚಬೇಡಿ. ಬಂದ ಮೇಲೆ ಹಳೇದನ್ನು ಪೂರ್ತಿ ತೆಗೆಯಿರಿ, ಮೇಲೆ ಮೇಲೆ ಬಳಿದರೆ ಬಿಸಿಲಿಗೆ ಒಳಗಿನ ನಂಬರು ಇಣುಕುತ್ತದೆ. ಫೈಬರಿನ ನುಣುಪು ಮೈಗೆ ಬಣ್ಣ ಹಿಡಿಯುವುದಿಲ್ಲ. 120 ನಂಬರಿನ ಉಜ್ಜುಕಾಗದದಿಂದ ಹೊಳಪು ಹೋಗುವವರೆಗೆ ತಿಕ್ಕಿ, ಧೂಳು ಒರೆಸಿ, ಥಿನ್ನರ್ ಬಟ್ಟೆಯಲ್ಲಿ ಜಿಡ್ಡು ತೆಗೆದು, ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಬಣ್ಣದಲ್ಲಿ ತಗಡಿನ ಅಚ್ಚಿಟ್ಟು ಎರಡು ಕೋಟು ಹೊಡೆಯಿರಿ. ಮುಂಭಾಗದ ಎರಡೂ ಬದಿಗೆ, ಬಲೆ ಎಳೆಯುವಾಗ ಉಜ್ಜದ ಎತ್ತರದಲ್ಲಿ.

ಶರಾವತಿ_ದಂಡೆ

ತುಂಬಾ ಉಪಕಾರವಾಯಿತು. ಏಜೆಂಟರಿಗೆ ಫೋನ್ ಮಾಡಿ ‘ಚಲನ್ ನನ್ನ ಹೆಸರಲ್ಲಿ ತೆಗೆಸಿ, ಕೂಲಿ ಬೇರೆ ಬರೆಯಿರಿ’ ಅಂದೆ. 14,000 ಹೇಳಿದವರು ಈಗ ‘ನೋಡಿ ಹೇಳುತ್ತೇನೆ’ ಅಂದಿದ್ದಾರೆ. ಪ್ರವಾಸಿಗರ ವಿಷಯ ಯಾರಾದರೂ ಹೇಳಿ. ಆರೇಳು ಜನ ಮಾತ್ರ, ಹೊಳೆಯ ಒಳಗೇ.

ತಂಡೇಲ_ಮನೆ

ಬೇಡ. ಮೀನುಗಾರಿಕೆ ನೋಂದಣಿಯ ದೋಣಿಗೆ ದುಡ್ಡು ತಗೊಂಡು ಜನರನ್ನು ಹತ್ತಿಸಬೇಡಿ, ಆರೇಳೇ ಇರಲಿ ಇಬ್ಬರೇ ಇರಲಿ.

ಅದು ಬೇರೆಯೇ ಕಾನೂನು. ಎಂಜಿನ್ ಇರುವ ಒಳನಾಡು ದೋಣಿಗಳಿಗೆ 2021ರ ಒಳನಾಡು ಹಡಗು ಕಾಯ್ದೆ. 1917ರ ಹಳೇ ಕಾಯ್ದೆಯ ಜಾಗಕ್ಕೆ ಬಂದದ್ದು, 2022ರ ಜೂನ್‌ನಿಂದ ಜಾರಿಯಲ್ಲಿದೆ. ಇದರಲ್ಲಿ ಶುಲ್ಕದ ಸರಪಳಿಯೇ ಬೇರೆ: ಮೊದಲು ಸರ್ವೆ (ದೋಣಿ ಸುರಕ್ಷಿತವೇ ಅನ್ನುವ ತಪಾಸಣೆ), ಸರ್ವೆ ಪಾಸಾದರೆ ನೋಂದಣಿ, ಓಡಿಸುವವರಿಗೆ ಅರ್ಹತಾ ಪ್ರಮಾಣಪತ್ರ, ಮೂರನೆಯವರ ಹಾನಿಗೂ ಸೇರಿ ವಿಮೆ. ಸರ್ವೆಯನ್ನು ಮತ್ತೆ ಮತ್ತೆ ಮಾಡಿಸಬೇಕು, ಪ್ರತಿ ಸಲ ಶುಲ್ಕ. ಎಷ್ಟು ಜನ ಹತ್ತಬಹುದು ಅನ್ನುವ ಸಂಖ್ಯೆ, ಯಾವ ವಲಯದ ನೀರಿನಲ್ಲಿ ಓಡಿಸಬಹುದು ಅನ್ನುವುದು ಎಲ್ಲ ಪ್ರಮಾಣಪತ್ರದಲ್ಲಿ ಇರುತ್ತದೆ. ಅಳಿವೆ ದಾಟಿ ಸಮುದ್ರಕ್ಕೆ ಹೋದರೆ ಅದೂ ಸಾಲದು. ಜೆಟ್ಟಿ ಬಳಸಲು, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಹತ್ತಿರ ಹೋಗಲು ಅನುಮತಿಗಳು ಇನ್ನೂ ಬೇರೆ.

ಇದು ಕಾಗದದ ಹಠ ಮಾತ್ರ ಅಲ್ಲ. ನಾಡದೋಣಿಯಲ್ಲಿ ಭಾರ ತಳದಲ್ಲಿರುತ್ತದೆ: ಬಲೆ, ಐಸು, ಮೀನು. ಆರೇಳು ಜನ ಅಂದರೆ ನಾಲ್ಕೈದು ನೂರು ಕೆಜಿ ಭಾರ ಅಂಚಿನ ಹಲಗೆಯ ಮೇಲೆ ಕೂರುತ್ತದೆ, ಜೊತೆಗೆ ಅದು ಓಡಾಡುವ ಭಾರ. ಹಕ್ಕಿ ಕಂಡಿತು ಅಂತ ಎಲ್ಲರೂ ಒಂದೇ ಬದಿಗೆ ಎದ್ದರೆ ದೋಣಿಯ ಅಂಚು ನೀರಿಗೆ ತಾಗಲು ಎಷ್ಟು ಹೊತ್ತು ಬೇಕು? ನೆರಳಿಗೆ ಅಂತ ಮೇಲೆ ಕಬ್ಬಿಣದ ಪೈಪಿನ ಚಪ್ಪರ ಹಾಕಿದರೆ ಇನ್ನೂ ಕೆಡುತ್ತದೆ, ತೂಕ ಮೇಲೇರಿತು, ಗಾಳಿಯೂ ಹಿಡಿಯಿತು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಗುಚಿದ್ದು ಮೀನಿನ ದೋಣಿಯನ್ನೇ ಮಾರ್ಪಡಿಸಿ ಮಾಡಿದ ಪ್ರವಾಸಿ ದೋಣಿ. 22 ಜನ ಹೋದರು, ಅದರಲ್ಲಿ ಮಕ್ಕಳೂ ಇದ್ದರು. ನಮ್ಮ ಕಾರವಾರದಲ್ಲೇ 2019ರ ಜನವರಿ 21ರಂದು ಕೂರ್ಮಗಡ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಜನ ತೀರಿಹೋದರು.

ಪ್ರವಾಸಿಗರ ಕೆಲಸವೇ ಮಾಡಬೇಕೆಂದಿದ್ದರೆ ಅದಕ್ಕೆ ಅಂತಲೇ ಕಟ್ಟಿದ, ಸರ್ವೆಗೆ ನಿಲ್ಲುವ ದೋಣಿ ನೋಡಿ. ಹೊಸದು ಕಟ್ಟಿಸುವಾಗ ಬಿಲ್ಲಿನ ಎಚ್‌ಎಸ್‌ಎನ್ ಸಂಖ್ಯೆಯನ್ನೂ (ಜಿಎಸ್‌ಟಿಗೆ ಸರಕಿನ ವರ್ಗ ತಿಳಿಸುವ ಸಂಖ್ಯೆ) ನೋಡಿ. ಮೀನುಗಾರಿಕೆ ದೋಣಿ 8902, ಅದಕ್ಕೆ ಜಿಎಸ್‌ಟಿ 5%. ವಿಹಾರದ ದೋಣಿಗಳು 8903ರಲ್ಲಿ ಬರುತ್ತವೆ, ಅಲ್ಲಿ ತೆರಿಗೆ ಹಲವು ಪಟ್ಟು. ತೆರಿಗೆ ಉಳಿಸಲು ಮೀನಿನ ದೋಣಿ ಅಂತ ಬಿಲ್ಲು ಮಾಡಿಸಿ ಆಮೇಲೆ ಜನರನ್ನು ಹತ್ತಿಸುವವರು ಇದ್ದಾರೆ. ಅವಘಡ ಆದ ದಿನ ವಿಮೆಯವರು ಮೊದಲು ಕೇಳುವ ಕಾಗದ ಅದೇ.

ಪಾತಿ_ದೋಣಿ

ನಡುವೆ ಬಂದೆ, ಕ್ಷಮಿಸಿ. ನಮ್ಮದು ಹುಟ್ಟು ಹಾಕುವ ಪಾತಿ ದೋಣಿ, ಎಂಜಿನ್ನೇ ಇಲ್ಲ. ನಮಗೂ ಇಷ್ಟೆಲ್ಲ ಬೇಕಾ?

ಧಕ್ಕೆ_ಲೆಕ್ಕ

ಮೀನು ಹಿಡಿಯಲು ಬಳಸುವುದಾದರೆ ಮೋಟಾರು ಇಲ್ಲದ ದೋಣಿಗೂ ರಿಯಲ್‌ಕ್ರಾಫ್ಟ್‌ನಲ್ಲಿ ವರ್ಗ ಇದೆ, ‘ಎನ್‌ಎಂ’ ಅಂತ ನಂಬರು ಬರುತ್ತದೆ. ಮಾಡಿಸಿಕೊಳ್ಳಿ ಅಕ್ಕ. ದೋಣಿ ಕೊಚ್ಚಿಹೋದರೆ ಪರಿಹಾರ ಕೇಳಲು ಆ ನಂಬರೇ ಆಧಾರ. ಹೊಳೆಯಲ್ಲಿ ಮರಳು, ಹುಲ್ಲು ಸಾಗಿಸುವ ಎಂಜಿನ್ ಇಲ್ಲದ ದೋಣಿಗಳನ್ನು ಸ್ಥಳೀಯ ಸಂಸ್ಥೆಯ ಮಟ್ಟದಲ್ಲಿ ದಾಖಲಿಸಲು 2021ರ ಕಾಯ್ದೆಯಲ್ಲಿ ಬೇರೆ ಅಧ್ಯಾಯ ಇದೆ. ಮೊದಲು ಪಂಚಾಯಿತಿಯಲ್ಲಿ ಕೇಳಿ.

ಅರ್ಜಿ_ಗುಮಾಸ್ತ

ದರಪಟ್ಟಿ ಕೈಗೆ ಬರುವ ದಾರಿಯನ್ನೂ ಹೇಳುತ್ತೇನೆ. ಬಾಯಿಮಾತಿನ ದರ ನಂಬುವ ಅಗತ್ಯ ಯಾರಿಗೂ ಇಲ್ಲ. ಮೊದಲು ಕಚೇರಿಯ ನೋಟಿಸ್ ಬೋರ್ಡ್ ನೋಡಿ, ಇಲ್ಲದಿದ್ದರೆ ‘ಶುಲ್ಕ ನಿಗದಿಪಡಿಸಿದ ಅಧಿಸೂಚನೆಯ ಪ್ರತಿ ಕೊಡಿ’ ಅಂತ ವಿನಯದಿಂದಲೇ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಹೆಚ್ಚಿನ ಸಲ ಅಲ್ಲಿಗೇ ಕೆಲಸ ಆಗುತ್ತದೆ.

ಆಗದಿದ್ದರೆ ಮಾಹಿತಿ ಹಕ್ಕು. ಅರ್ಜಿ ಶುಲ್ಕ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ, ಬಿಪಿಎಲ್ ಇದ್ದವರಿಗೆ ಅರ್ಜಿ ಶುಲ್ಕ ಇಲ್ಲ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಎಲ್ಲ ಸಿಟ್ಟನ್ನೂ ಬರೆದು ಮೂರು ಪುಟ ಮಾಡಿದರೆ ವಾಪಸ್ ಬರುತ್ತದೆ. ‘ಏಕೆ ಹೆಚ್ಚು ತೆಗೆದುಕೊಂಡಿರಿ’ ಅಂತ ಪ್ರಶ್ನೆ ಕೇಳಬೇಡಿ, ದಾಖಲೆ ಕೇಳಿ. ಇಷ್ಟು ಸಾಕು:

‘ಮೋಟಾರೀಕೃತ ನಾಡದೋಣಿಯ (1) ನೋಂದಣಿ, (2) ಮಾಲೀಕತ್ವ ವರ್ಗಾವಣೆ, (3) ಎಂಜಿನ್ ಬದಲಾವಣೆ ದಾಖಲು, (4) ಮೀನುಗಾರಿಕೆ ಲೈಸೆನ್ಸ್ ಮತ್ತು ನವೀಕರಣ, (5) ವಿಳಂಬ ಶುಲ್ಕ, ಇವುಗಳಿಗೆ ಈ ದಿನ ಜಾರಿಯಲ್ಲಿರುವ ದರ ನಿಗದಿಯ ಆದೇಶ ಅಥವಾ ಅಧಿಸೂಚನೆಯ ದೃಢೀಕೃತ ಪ್ರತಿ, ಹಾಗೂ ಪ್ರತಿಯೊಂದನ್ನೂ ಜಮಾ ಮಾಡಬೇಕಾದ ಪೂರ್ಣ ಲೆಕ್ಕ ಶೀರ್ಷಿಕೆ ಒದಗಿಸಿ.’

‘ಈ ದಿನ ಜಾರಿಯಲ್ಲಿರುವ’ ಅನ್ನುವ ಮಾತು ಬಿಡಬೇಡಿ, ಬಿಟ್ಟರೆ ರದ್ದಾದ ಹಳೇ ಆದೇಶ ಬರಬಹುದು. ಬಂದ ಪ್ರತಿಯನ್ನು ನಿಮ್ಮ ಸಹಕಾರ ಸಂಘದ ಗೋಡೆಗೆ ಅಂಟಿಸಿ. ನಿಮ್ಮ ಹಿಂದೆ ಬರುವವರು ಇದೇ ಪ್ರಶ್ನೆ ಕೇಳುವುದು ತಪ್ಪುತ್ತದೆ.

ಶರಾವತಿ_ದಂಡೆ

ಪ್ರವಾಸಿಗರ ಯೋಚನೆ ಬಿಟ್ಟೆ. ಸೋಮವಾರ ಮಾರುವವರ ಜೊತೆ ಕುಂದಾಪುರ ಕಚೇರಿಗೆ ಹೋಗುತ್ತಿದ್ದೇನೆ, ಬಾಕಿ ಮತ್ತು ನಿರಾಕ್ಷೇಪಣಾ ಪತ್ರ ಕೇಳಲು. 8.53, 1.83, 0.76, ಚೀಟಿ ಜೇಬಿನಲ್ಲಿದೆ. ಅಧಿಸೂಚನೆಯ ಪ್ರತಿ ಸಿಕ್ಕಿದರೆ ಇಲ್ಲಿ ಹಾಕುತ್ತೇನೆ.